ಪೆನ್ ಹೋಗಿ ಬಾಟಲಿ ಬಂತು: ಇನ್ಸುಲಿನ್ ಗೊಂದಲದಲ್ಲಿ ನರ್ಸ್‌ಗಳ ಪಾಲೆಷ್ಟು?

‘ಇನ್ಸುಲಿನ್ ಪೆನ್ ಬಂದ್ ಆಗ್ತದಂತೆ’ ಎಂಬ ಸುದ್ದಿ 2025ರಲ್ಲಿ ಬಂತು. ಸಕ್ಕರೆ ಕಾಯಿಲೆ ಇರುವ ಮನೆಗಳಲ್ಲಿ ಅಂದಿನ ಗೊಂದಲ ಇನ್ನೂ ಹೋಗಿಲ್ಲ. ಇನ್ಸುಲಿನ್ನೇ ಸಿಗೋದಿಲ್ಲವಾ? ಬಾಟಲಿಯದ್ದು ಹಳೇ ಕಾಲದ್ದಲ್ಲವಾ? ಡೋಸ್ ಬದಲಾಗುತ್ತದಾ? ಅಷ್ಟರಲ್ಲಿ 2026ರ ಮಾರ್ಚ್‌ನಲ್ಲಿ ಸೆಮಾಗ್ಲುಟೈಡ್ ಔಷಧದ ಪೇಟೆಂಟ್ ಮುಗಿದು, ತೂಕ ಇಳಿಸುವ ಇಂಜೆಕ್ಷನ್ ಅಗ್ಗವಾಗುತ್ತದೆ ಎಂಬ ಇನ್ನೊಂದು ಸುದ್ದಿ ಶುರುವಾಯಿತು. ಎರಡೂ ಕಡೆ ಇರುವುದು ಒಂದೇ ಕಂಪನಿಯ ಹೆಸರು, ನೋವೊ ನಾರ್ಡಿಸ್ಕ್. ಎರಡೂ ಪೆನ್ನಿನ ಆಕಾರದ ವಸ್ತು. ಬಾಯಿಂದ ಬಾಯಿಗೆ ಬರುವಾಗ ಎರಡೂ ಬೆರೆತು, ‘ಹಳೇ ಇನ್ಸುಲಿನ್ ತೆಗೆದು ವಾರಕ್ಕೊಂದು ಸೂಜಿ ಕೊಡ್ತಾರಂತೆ’ ಎಂಬಲ್ಲಿಗೆ ಬಂದಿದೆ.

ಬರೀ ಔಷಧದ ಸುದ್ದಿ ಅಂತ ಓದಿದರೆ ಇದು ಅರ್ಧ ಮಾತ್ರ ಅರ್ಥವಾಗುತ್ತದೆ. ಕಾರವಾರದಿಂದ ಭಟ್ಕಳದವರೆಗೆ, ಮೇಲೆ ಶಿರಸಿ ಸಿದ್ದಾಪುರದವರೆಗೆ ಹರಡಿಕೊಂಡ ಉತ್ತರ ಕನ್ನಡ ಜಿಲ್ಲೆಯಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ. ಪೆನ್ ಹಿಡಿದು ರೂಢಿಯಾದ ಕೈಗೆ ಸಿರಿಂಜ್ ಹಿಡಿಯಲು ಕಲಿಸುವವರು ಯಾರು? ಆ ಕೆಲಸಕ್ಕೆ ಅವರ ಹತ್ತಿರ ಹೊತ್ತು ಇದೆಯಾ?

ನಿಜವಾಗಿ ನಿಂತದ್ದು ಏನು?

ಡೆನ್ಮಾರ್ಕಿನ ನೋವೊ ನಾರ್ಡಿಸ್ಕ್ ಕಂಪನಿ ಭಾರತದಲ್ಲಿ ಹ್ಯೂಮನ್ ಮಿಕ್ಸ್‌ಟಾರ್ಡ್‌ನಂಥ ಹ್ಯೂಮನ್ ಇನ್ಸುಲಿನ್‌ಗಳ ಪೆನ್ ಕಾರ್ಟ್ರಿಡ್ಜ್‌ಗಳನ್ನು ಹಂತ ಹಂತವಾಗಿ ನಿಲ್ಲಿಸುತ್ತಿದೆ. ಹ್ಯೂಮನ್ ಇನ್ಸುಲಿನ್ ಎಂದರೆ ಮನುಷ್ಯರ ಮೈಯಲ್ಲಿ ಹುಟ್ಟುವುದರ ತದ್ರೂಪದ ಇನ್ಸುಲಿನ್. ನಿಲ್ಲುತ್ತಿರುವುದು ಪೆನ್ನಿನೊಳಗೆ ಹಾಕುವ ರೀಫಿಲ್. ಅದೇ ಇನ್ಸುಲಿನ್ ಸಣ್ಣ ಗಾಜಿನ ಬಾಟಲಿಯಲ್ಲಿ, ಅಂದರೆ ವಯಲ್‌ನಲ್ಲಿ, ಮುಂದುವರಿಯುತ್ತದೆ. ಮಿಕ್ಸ್‌ಟಾರ್ಡ್ ನಮ್ಮಲ್ಲಿ ತುಂಬ ಮಾರಾಟವಾಗುವ ಇನ್ಸುಲಿನ್‌ಗಳಲ್ಲಿ ಒಂದು. ಹಾಗಾಗಿ ಬಿಸಿ ತಟ್ಟಿದ್ದು ಲಕ್ಷಾಂತರ ಮನೆಗಳಿಗೆ.

ಇದು ನಮ್ಮೊಬ್ಬರ ಕತೆಯಲ್ಲ. ದಕ್ಷಿಣ ಆಫ್ರಿಕಾದ ಸರ್ಕಾರಿ ಆಸ್ಪತ್ರೆಗಳು ಸುಮಾರು ಹತ್ತು ವರ್ಷ ಪೆನ್ ಕೊಟ್ಟು, 2024ರಲ್ಲಿ ಬಾಟಲಿಗೆ ಮರಳಬೇಕಾಯಿತು. ಅಲ್ಲಿ ಕಂಪನಿ ಕೊಟ್ಟ ಕಾರಣ ಉತ್ಪಾದನೆಯ ಮಿತಿ. ತೂಕ ಇಳಿಸುವ ದುಬಾರಿ ಔಷಧಗಳಿಗೆ ಪೆನ್ ಬೇಕಾಗಿರುವುದರಿಂದಲೇ ಅಗ್ಗದ ಇನ್ಸುಲಿನ್ನಿನ ಪೆನ್‌ಗೆ ಕತ್ತರಿ ಬಿತ್ತು ಎಂಬುದು ಟೀಕಾಕಾರರ ಮಾತು. ಬಡ ರೋಗಿಯ ಮಟ್ಟಿಗೆ ಎರಡರ ಫಲವೂ ಒಂದೇ ಅಲ್ವಾ?

ರೋಗಿಗೆ ಈಗ ಮೂರು ದಾರಿ. ಮೊದಲನೆಯದು, ಅದೇ ಇನ್ಸುಲಿನ್ನನ್ನು ಬಾಟಲಿಯಿಂದ ಸಿರಿಂಜ್‌ನಲ್ಲಿ ತೆಗೆದುಕೊಳ್ಳುವುದು. ಎರಡನೆಯದು, ಬಯೋಕಾನ್, ಲಿಲ್ಲಿ, ವೊಕ್‌ಹಾರ್ಟ್‌ನಂಥ ಬೇರೆ ಕಂಪನಿಯ ಹ್ಯೂಮನ್ ಇನ್ಸುಲಿನ್ ಪೆನ್‌ಗೆ ಹೋಗುವುದು. ಇಲ್ಲಿ ಒಂದು ತೊಡಕಿದೆ. ಒಂದು ಕಂಪನಿಯ ಕಾರ್ಟ್ರಿಡ್ಜನ್ನು ಇನ್ನೊಂದು ಕಂಪನಿಯ ಪೆನ್‌ಗೆ ಹಾಕುವಂತಿಲ್ಲ. ಪೆನ್ನೂ ಹೊಸದೇ ಆಗಬೇಕು. ಮೂರನೆಯದು, ಗ್ಲಾರ್ಜಿನ್, ಆಸ್ಪಾರ್ಟ್‌ನಂಥ ಅನಲಾಗ್ ಇನ್ಸುಲಿನ್, ಅಂದರೆ ರಚನೆಯನ್ನು ಸ್ವಲ್ಪ ಬದಲಿಸಿ ಮಾಡಿದ ಇನ್ಸುಲಿನ್. ಅದಕ್ಕೆ ದುಡ್ಡು ಜಾಸ್ತಿ. ದಿನಗೂಲಿಯ ಮನೆ ಸಹಜವಾಗಿ ಮೊದಲನೇ ದಾರಿ ಹಿಡಿಯುತ್ತದೆ. ಹಾಗಾಗಿ ನಮ್ಮ ಕಡೆ ಬಹಳ ಜನರಿಗೆ ಈ ಬದಲಾವಣೆ ಎಂದರೆ ಪೆನ್ನಿಂದ ಸಿರಿಂಜ್‌ಗೆ ಇಳಿಯುವುದು.

ಅದೇ 20 ಯೂನಿಟ್, ಆದರೆ ಅರ್ಧ ಸಿರಿಂಜ್

ಭಾರತದಲ್ಲಿ ಹ್ಯೂಮನ್ ಇನ್ಸುಲಿನ್ ಬಾಟಲಿಗಳು ಹೆಚ್ಚಾಗಿ ಒಂದು ಮಿಲಿಲೀಟರ್‌ಗೆ 40 ಯೂನಿಟ್ ಲೆಕ್ಕದಲ್ಲಿ ಬರುತ್ತವೆ. ಪೆನ್ ಕಾರ್ಟ್ರಿಡ್ಜ್‌ನಲ್ಲಿ ಇರುವುದು ಮಿಲಿಲೀಟರ್‌ಗೆ 100 ಯೂನಿಟ್. ಬಹಳಷ್ಟು ದೇಶಗಳು ಎಲ್ಲವನ್ನೂ 100ಕ್ಕೆ ತಂದು ನಿಲ್ಲಿಸಿವೆ. ನಮ್ಮಲ್ಲಿ ಎರಡೂ ಉಳಿದಿವೆ. ಸಿರಿಂಜ್‌ಗಳೂ ಎರಡು: 40ರದ್ದಕ್ಕೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ ಬಣ್ಣದ ಮುಚ್ಚಳ.

ಅಂಕೋಲಾ ಕಡೆಯ ಒಬ್ಬ ಅಜ್ಜ ಬೆಳಿಗ್ಗೆ 20 ಯೂನಿಟ್ ತೆಗೆದುಕೊಳ್ಳುತ್ತಿದ್ದಾರೆ ಎಂದುಕೊಳ್ಳಿ. ಪೆನ್ನಿನಲ್ಲಿ ಅದು 0.2 ಮಿಲಿಲೀಟರ್. ನಾಲ್ಕಾರು ಹನಿ, ಕಣ್ಣಿಗೂ ಕಾಣುತ್ತಿರಲಿಲ್ಲ. ತಿರುಗಿಸುವುದು, ಟಿಕ್ ಟಿಕ್ ಶಬ್ದ ಎಣಿಸುವುದು, ಒತ್ತುವುದು, ಅಷ್ಟೇ. ಬಾಟಲಿಯಿಂದ ತೆಗೆದರೆ ಅದೇ 20 ಯೂನಿಟ್ 0.5 ಮಿಲಿಲೀಟರ್ ಆಗುತ್ತದೆ. ಒಂದು ಮಿಲಿಲೀಟರ್ ಸಿರಿಂಜ್‌ನ ಸರಿಯಾಗಿ ಅರ್ಧ.

ಅಜ್ಜ ಕೇಳುವುದು ಸಹಜ: “ಸಿಸ್ಟರ್, ಮೊದ್ಲು ಇಷ್ಟೆಲ್ಲ ಹೋಗ್ತಿರ್ಲಿಲ್ಲ. ಈಗ ಅರ್ಧ ಸಿರಿಂಜ್ ತುಂಬ್ಸಿದ್ರಿ. ಸಕ್ಕರೆ ಜಾಸ್ತಿ ಆಗ್ಯದಾ?”

“ಇಲ್ಲ ಅಜ್ಜ, ಔಷಧ ಅಷ್ಟೇ ಇದೆ. ಇದು ಸ್ವಲ್ಪ ತೆಳು, ಹಾಗಾಗಿ ನೀರು ಜಾಸ್ತಿ ಕಾಣ್ತದೆ.”

ಈ ಎರಡು ಸಾಲಿನ ಉತ್ತರ ಸಿಗದಿದ್ದರೆ ಅಜ್ಜ ಮನೆಗೆ ಹೋಗಿ ತಮ್ಮಷ್ಟಕ್ಕೆ ಡೋಸ್ ಕಮ್ಮಿ ಮಾಡುತ್ತಾರೆ. ಸಕ್ಕರೆ ಏರುತ್ತದೆ. ಮುಂದಿನ ತಿಂಗಳು ಡಾಕ್ಟ್ರು ಆ ರಿಪೋರ್ಟ್ ನೋಡಿ ಡೋಸ್ ಏರಿಸುತ್ತಾರೆ. ಎಲ್ಲಿ ತಪ್ಪಿತು ಎಂಬುದು ಚೀಟಿಯ ಮೇಲೆ ಬರುವುದೇ ಇಲ್ಲ.

ಸಿರಿಂಜ್ ತಪ್ಪಿದರೆ ಫಜೀತಿ ಇನ್ನೂ ದೊಡ್ಡದು. 40ರ ಬಾಟಲಿಗೆ 100ರ ಸಿರಿಂಜ್ ಹಾಕಿ 20ರ ಗೀಟಿನವರೆಗೆ ಎಳೆದರೆ ಮೈಗೆ ಹೋಗುವುದು ಬರೀ 8 ಯೂನಿಟ್. ತಿರುಗಾಮುರುಗಾ ಆದರೆ ಅಪಾಯ. ಮನೆಯಲ್ಲಿ ಉಳಿದ ಹಳೆಯ ಕಾರ್ಟ್ರಿಡ್ಜ್ ಸುಮ್ನೆ ಯಾಕೆ ಎಸೆಯೋದು ಅಂತ ಕೆಂಪು ಮುಚ್ಚಳದ ಸಿರಿಂಜ್‌ನಿಂದ ಅದನ್ನೇ 20ರ ಗೀಟಿಗೆ ಎಳೆದರೆ ಒಳಗೆ ಹೋಗುವುದು 50 ಯೂನಿಟ್. ಸಕ್ಕರೆ ತೀರಾ ಕುಸಿದು ಬೆವರು, ನಡುಕ, ಮಾತು ತೊದಲುವುದು, ಕೊನೆಗೆ ಪ್ರಜ್ಞೆ ತಪ್ಪುವುದು. ಬಾಟಲಿಯ ಮೇಲಿನ ಸಂಖ್ಯೆ ಮತ್ತು ಸಿರಿಂಜ್‌ನ ಮೇಲಿನ ಸಂಖ್ಯೆ ಒಂದೇ ಇರಬೇಕು ಎಂಬ ಒಂದು ಮಾತು ಇದನ್ನೆಲ್ಲ ತಡೆಯುತ್ತದೆ. ಆದರೆ ಆ ಮಾತನ್ನು ಯಾರಾದರೂ ಹೇಳಬೇಕು, ಮನೆಯವರ ಕೈಲಿ ಒಮ್ಮೆ ಮಾಡಿಸಿ ನೋಡಬೇಕು.

ಇನ್ನೊಂದು ವ್ಯತ್ಯಾಸ ಸೂಜಿಯದ್ದು. ಪೆನ್ನಿನ 4 ಮಿಲಿಮೀಟರ್ ಸೂಜಿ ತೆಳ್ಳಗಿನವರಿಗೂ ದಪ್ಪಗಿನವರಿಗೂ ಸಾಕು ಎಂದು 2016ರ ಅಂತರರಾಷ್ಟ್ರೀಯ ಶಿಫಾರಸು ಹೇಳುತ್ತದೆ. ನೆಟ್ಟಗೆ ಚುಚ್ಚಿದರೆ ಮುಗಿಯಿತು. ಸಿರಿಂಜ್ ಸೂಜಿ ಬಾಟಲಿಯ ರಬ್ಬರ್ ಬಿರಡೆ ದಾಟಬೇಕು, ಹಾಗಾಗಿ ಅದು ಇನ್ನೂ ಉದ್ದ. ಬಡಕಲು ಮೈಯವರು ಚರ್ಮ ಎತ್ತಿ ಹಿಡಿಯದೆ ಚುಚ್ಚಿದರೆ ಔಷಧ ಮಾಂಸಖಂಡಕ್ಕೆ ಹೋಗಿ ಬೇಗ ಕೆಲಸ ಶುರುಮಾಡುತ್ತದೆ. ಪೆನ್ ಕಲಿತವರಿಗೆ ಈ ಚರ್ಮ ಎತ್ತುವ ರೂಢಿಯೇ ಇರುವುದಿಲ್ಲ.

ಹೊಟ್ಟೆಯ ಮೇಲಿನ ಗಂಟು

ಮಧುಮೇಹದ ನರ್ಸಿಂಗ್‌ನಲ್ಲಿ ಬಹಳ ಉಪಯೋಗಕ್ಕೆ ಬಂದ ಅಧ್ಯಯನಗಳಲ್ಲಿ ಒಂದು ಸ್ಪೇನ್‌ನದು, 2013ರಲ್ಲಿ ಪ್ರಕಟವಾಯಿತು. ಇನ್ಸುಲಿನ್ ತೆಗೆದುಕೊಳ್ಳುವ 430 ಜನರ ಚುಚ್ಚುವ ಜಾಗವನ್ನು ಕೈಯಿಂದ ಮುಟ್ಟಿ ಪರೀಕ್ಷಿಸಿದರು. 64.4 ಶೇಕಡಾ ಜನರಲ್ಲಿ ಚರ್ಮದಡಿ ಕೊಬ್ಬಿನ ಗಂಟು ಸಿಕ್ಕಿತು. ಒಂದೇ ಜಾಗಕ್ಕೆ ಮತ್ತೆ ಮತ್ತೆ ಚುಚ್ಚಿದರೆ ಹೀಗಾಗುತ್ತದೆ. ಜಾಗವನ್ನು ಸರಿಯಾಗಿ ಬದಲಿಸುತ್ತಿದ್ದವರಲ್ಲಿ ಗಂಟು ಇದ್ದದ್ದು ಬರೀ 5 ಶೇಕಡಾ ಜನರಿಗೆ.

ಗಂಟಿನ ಜಾಗದಲ್ಲಿ ಚುಚ್ಚಿದರೆ ನೋವು ಕಮ್ಮಿ. ಅದಕ್ಕೇ ಜನ ಅಲ್ಲೇ ಚುಚ್ಚುತ್ತಾರೆ. ಆದರೆ ಅಲ್ಲಿಂದ ಇನ್ಸುಲಿನ್ ಒಂದು ದಿನ ಸರಿಯಾಗಿ ಮೈಗೆ ಸೇರುತ್ತದೆ, ಇನ್ನೊಂದು ದಿನ ಇಲ್ಲ. ಸಕ್ಕರೆ ಏರುಪೇರಾಗುತ್ತದೆ, ಡೋಸ್ ಏರುತ್ತಾ ಹೋಗುತ್ತದೆ. ಅದೇ ಅಧ್ಯಯನದಲ್ಲಿ ಗಂಟು ಇದ್ದವರು ದಿನಕ್ಕೆ ಸರಾಸರಿ 56 ಯೂನಿಟ್ ತೆಗೆದುಕೊಳ್ಳುತ್ತಿದ್ದರು. ಇಲ್ಲದವರು 41. ಆ 15 ಯೂನಿಟ್‌ನಲ್ಲಿ ದೊಡ್ಡ ಪಾಲು ಬಹುಶಃ ಗಂಟಿಗೇ ಸಂದಾಯ.

ಇದನ್ನು ಕಂಡುಹಿಡಿಯಲು ಸ್ಕ್ಯಾನ್ ಬೇಕಿಲ್ಲ. ಬೆರಳಿಗೆ ಸ್ವಲ್ಪ ಜೆಲ್ ಅಥವಾ ಸೋಪಿನ ನೀರು ಹಚ್ಚಿ, ಹೊಕ್ಕುಳಿನ ಎರಡೂ ಬದಿ, ತೊಡೆಯ ಮೇಲೆ ನಿಧಾನಕ್ಕೆ ಸವರಿದರೆ ಸಾಕು. ಮೆತ್ತಗಿದ್ದ ಚರ್ಮ ಇದ್ದಕ್ಕಿದ್ದ ಹಾಗೆ ರಬ್ಬರಿನಂತೆ ಗಟ್ಟಿ ಸಿಗುತ್ತದೆ. ಐದು ನಿಮಿಷದ ಕೆಲಸ. ನಮ್ಮ ಹೆಚ್ಚಿನ ಒಪಿಡಿಗಳಲ್ಲಿ ರೋಗಿ ಅಂಗಿ ಎತ್ತುವ ಪ್ರಸಂಗವೇ ಬರುವುದಿಲ್ಲ. ರಿಪೋರ್ಟ್ ನೋಡುತ್ತಾರೆ, ಹೊಟ್ಟೆ ನೋಡುವುದಿಲ್ಲ.

ಪೆನ್ನಿಂದ ಬಾಟಲಿಗೆ ಬದಲಾಗುವ ಹೊತ್ತಿನಲ್ಲಿ ಈ ಗಂಟು ಇನ್ನೂ ಮುಖ್ಯವಾಗುತ್ತದೆ. ಹೊಸ ಸಿರಿಂಜ್ ಜೊತೆ ಯಾರೋ “ಜಾಗ ಬದಲಿಸಿ” ಎಂದರು, ರೋಗಿ ಬದಲಿಸಿದರು. ಈಗ ಒಳ್ಳೆಯ ಚರ್ಮದಿಂದ 56 ಯೂನಿಟ್ ಪೂರ್ತಿ ಹೀರಿಕೊಂಡಿತು. ಸಕ್ಕರೆ ಧಡಕ್ಕನೆ ಇಳಿಯಿತು. ಸಲಹೆ ಸರಿಯೇ ಇತ್ತು. ಆದರೆ ಜಾಗ ಬದಲಿಸುವಾಗ ಡಾಕ್ಟ್ರ ಹತ್ತಿರ ಕೇಳಿ ಡೋಸ್ ಇಳಿಸಿ, ಕೆಲವು ದಿನ ಶುಗರ್ ನೋಡುತ್ತಿರಬೇಕು ಎಂಬ ಉಳಿದರ್ಧ ಹೇಳಿರಲಿಲ್ಲ.

ಸೆಕೆ, ಐಸು, ಮಡಕೆ

ಇನ್ಸುಲಿನ್ ಇಡುವ ವಿಷಯದಲ್ಲಿ ಕರಾವಳಿಗೆ ತನ್ನದೇ ತೊಂದರೆಗಳಿವೆ. ಮಳೆಗಾಲದಲ್ಲಿ ಕರೆಂಟ್ ಹೋದರೆ ಯಾವಾಗ ಬರುತ್ತದೋ ಹೇಳಲಾಗದು. ಘಟ್ಟದ ರಸ್ತೆಗಳು ಕುಸಿಯುತ್ತವೆ. 2024ರ ಜುಲೈನಲ್ಲಿ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಮುಚ್ಚಿತ್ತು.

ಇಲ್ಲಿ ಸಂಶೋಧನೆ ಸ್ವಲ್ಪ ಧೈರ್ಯ ಕೊಡುತ್ತದೆ. ಎಂಎಸ್‌ಎಫ್ (ಗಡಿಯಿಲ್ಲದ ವೈದ್ಯರು) ಸಂಸ್ಥೆ ಮತ್ತು ಜಿನೀವಾ ವಿಶ್ವವಿದ್ಯಾಲಯ ಸೇರಿ 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ತಾಪಮಾನ 25ರಿಂದ 37 ಡಿಗ್ರಿ ನಡುವೆ ಏರಿಳಿಯುತ್ತಿದ್ದರೂ ಇನ್ಸುಲಿನ್ ನಾಲ್ಕು ವಾರ ಶಕ್ತಿ ಕಳೆದುಕೊಳ್ಳಲಿಲ್ಲ. ಫ್ರಿಜ್ ಇಲ್ಲ ಎಂಬ ಒಂದೇ ಕಾರಣಕ್ಕೆ ಇನ್ಸುಲಿನ್ ಬೇಡ ಎನ್ನಬೇಕಿಲ್ಲ. ಬಳಕೆಯಲ್ಲಿರುವ ಬಾಟಲಿಯನ್ನು ಬಿಸಿಲು ಬೀಳದ, ಒಲೆಯಿಂದ ದೂರದ ಜಾಗದಲ್ಲಿಟ್ಟು ತಿಂಗಳೊಳಗೆ ಮುಗಿಸಬಹುದು.

ಇನ್ಸುಲಿನ್ನನ್ನು ಒದ್ದೆ ಮಣ್ಣಿನ ಮಡಕೆಯಲ್ಲಿ ತಂಪಾಗಿಡುವ, ಎಲ್ಲ ಕಡೆ ಹೇಳುವ ಉಪಾಯ ಮಾತ್ರ ನಮ್ಮಲ್ಲಿ ಅಷ್ಟು ನಡೆಯುವುದಿಲ್ಲ. ಮಡಕೆ ತಣ್ಣಗಾಗುವುದು ನೀರು ಆವಿಯಾಗುವುದರಿಂದ. ಒಣ ಗಾಳಿಯ ವಿಜಯಪುರದಲ್ಲಿ ಚೆನ್ನಾಗಿ ಆರುತ್ತದೆ. ಒಗೆದ ಬಟ್ಟೆಯೇ ಒಣಗದ ಹೊನ್ನಾವರದ ಆಷಾಢದಲ್ಲಿ ಮಡಕೆಯಿಂದ ಎಷ್ಟು ನೀರು ಆರೀತು? ಬೇರೆ ಊರಿನ ಸಲಹೆಯನ್ನು ಹಾಗೇ ಹಂಚಿದರೆ ಆಗುವ ಎಡವಟ್ಟು ಇದು.

ಬೈತಖೋಲ, ತದಡಿ, ಭಟ್ಕಳದ ಬಂದರುಗಳಿಂದ ದಿನಗಟ್ಟಲೆ ಕಡಲಲ್ಲಿರುವ ಬೋಟಿನವರದ್ದು ಇನ್ನೊಂದು ಸಮಸ್ಯೆ. ಅಲ್ಲಿ ತಂಪಿಗೇನೂ ಕಮ್ಮಿಯಿಲ್ಲ, ಮೀನಿಗೆ ಹಾಕುವ ಐಸ್ ರಾಶಿ ಇರುತ್ತದೆ. ಬಾಟಲಿಯನ್ನು ಆ ಐಸಿನೊಳಗೇ ಹುಗಿದಿಟ್ಟರೆ ಹೆಪ್ಪುಗಟ್ಟಬಹುದು. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಪ್ರಯೋಜನಕ್ಕೆ ಬರುವುದಿಲ್ಲ. ನೋಡಲು ಸರಿಯಾಗೇ ಕಾಣಬಹುದು. ಅಲುಗುವ ಬೋಟಿನಲ್ಲಿ ಬಾಟಲಿಗೆ ಸೂಜಿ ತೂರಿಸಿ, ಗಾಳಿಗುಳ್ಳೆ ತೆಗೆದು, ಗೀಟು ಹಿಡಿಯುವುದು ಪೆನ್ ತಿರುಗಿಸಿದಷ್ಟು ಸುಲಭವೂ ಅಲ್ಲ. ಇಂಥವರಿಗೆ ಬಾಟಲಿಗಿಂತ ಇನ್ನೊಂದು ಕಂಪನಿಯ ಪೆನ್ನೇ ವಾಸಿ ಎಂದು ವೈದ್ಯರಿಗೆ ಹೇಳಬಲ್ಲವರು ರೋಗಿಯ ಕಸುಬು ಗೊತ್ತಿರುವ ನರ್ಸ್.

ನರ್ಸ್ ನೋಡಿದರೆ ಫಲ ಇದೆಯಾ?

ಇದೆ, ಆದರೆ ಷರತ್ತು ಉಂಟು. ಪ್ರಾಥಮಿಕ ಹಂತದಲ್ಲಿ ವೈದ್ಯರು ಮಾಡುವ ಕೆಲಸವನ್ನು ನರ್ಸ್‌ಗಳು ಮಾಡಿದರೆ ಏನಾಗುತ್ತದೆ ಎಂದು 18 ಪ್ರಯೋಗಗಳನ್ನು ಒಟ್ಟು ಹಾಕಿ ನೋಡಿದ 2018ರ ವಿಮರ್ಶೆ ಇದೆ, ವೈದ್ಯಕೀಯ ಪ್ರಯೋಗಗಳನ್ನು ತೂಗಿ ನೋಡುವ ಕಾಕ್ರೇನ್ ಎಂಬ ಸಂಸ್ಥೆಯದ್ದು. ರೋಗಿಗಳ ಆರೋಗ್ಯ ವೈದ್ಯರು ನೋಡಿದಷ್ಟೇ ಚೆನ್ನಾಗಿ, ಕೆಲವು ವಿಷಯಗಳಲ್ಲಿ ತುಸು ಹೆಚ್ಚೇ ಚೆನ್ನಾಗಿ ಇತ್ತು. ನರ್ಸ್‌ಗಳು ಒಬ್ಬೊಬ್ಬರಿಗೆ ಕೊಟ್ಟ ಸಮಯ ಜಾಸ್ತಿ. ಆದರೆ ಇದರಲ್ಲಿ ಬಹುಪಾಲು ಶ್ರೀಮಂತ ದೇಶಗಳ ಅನುಭವ.

ನಮ್ಮ ಉಪಖಂಡದ ಎರಡು ಪ್ರಯೋಗಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಭಾರತ, ಪಾಕಿಸ್ತಾನದ ಹತ್ತು ಕ್ಲಿನಿಕ್‌ಗಳಲ್ಲಿ 1,146 ರೋಗಿಗಳ ಮೇಲೆ ನಡೆದ ಪ್ರಯೋಗದ ಫಲಿತಾಂಶ 2016ರಲ್ಲಿ ಬಂತು. ವೈದ್ಯರಲ್ಲದ ಒಬ್ಬ ಸಂಯೋಜಕರನ್ನು ರೋಗಿಯ ಬೆನ್ನಿಗೆ ನಿಲ್ಲಿಸಿ, ವೈದ್ಯರಿಗೆ ಕಂಪ್ಯೂಟರಿನ ನೆರವು ಕೊಟ್ಟರು. ಸಕ್ಕರೆ, ಜೊತೆಗೆ ಬಿಪಿ ಅಥವಾ ಕೊಲೆಸ್ಟ್ರಾಲ್ ಹತೋಟಿಗೆ ಬಂದವರು 18.2 ಶೇಕಡಾ. ಮಾಮೂಲಿ ಚಿಕಿತ್ಸೆಯಲ್ಲಿ 8.1.

ಇನ್ನೊಂದು ಪ್ರಯೋಗ ಹರಿಯಾಣ ಮತ್ತು ನಮ್ಮ ಕರ್ನಾಟಕದ 40 ಸಮುದಾಯ ಆರೋಗ್ಯ ಕೇಂದ್ರಗಳದ್ದು, 2019ರಲ್ಲಿ ಪ್ರಕಟವಾದದ್ದು. ನರ್ಸ್ ಕೈಗೆ ಟ್ಯಾಬ್ಲೆಟ್ ಕೊಟ್ಟು, ರೋಗಿಯ ವಿವರ ಹಾಕಿದರೆ ಚಿಕಿತ್ಸೆಯ ಸಲಹೆ ಬರುವಂತೆ ಮಾಡಿದ್ದರು. ಟ್ಯಾಬ್ಲೆಟ್ ಇದ್ದ ಕಡೆಯೂ ಇಲ್ಲದ ಕಡೆಯೂ ರೋಗಿಗಳು ಸುಧಾರಿಸಿದರು, ಆದರೆ ಎರಡರ ನಡುವೆ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ.

ಎರಡರ ಫಲಿತಾಂಶ ಯಾಕೆ ಬೇರೆ? ಖಚಿತ ಉತ್ತರ ಯಾರೂ ಕೊಡಲಾರರು, ಕ್ಲಿನಿಕ್‌ಗಳ ಬಗೆಯೇ ಬೇರೆ. ಆದರೂ ಒಂದು ಎಳೆ ಎದ್ದು ಕಾಣುತ್ತದೆ. ಮೊದಲನೆಯದರಲ್ಲಿ ಕೊಟ್ಟದ್ದು ಅದಕ್ಕೆಂದೇ ಇರುವ ಒಬ್ಬ ಮನುಷ್ಯನ ಸಮಯ. ಎರಡನೆಯದರಲ್ಲಿ ಕೊಟ್ಟದ್ದು ಉಪಕರಣ. ಸರ್ಕಾರಗಳಿಗೆ ಎರಡನೆಯದು ಸಲೀಸು, ಒಂದು ಸಲ ಖರೀದಿ ಮಾಡಿ ಉದ್ಘಾಟನೆ ಮಾಡಬಹುದು.

ವಾದ, ಪ್ರತಿವಾದ

ಬಾಟಲಿಗೆ ಮರಳುವುದರಲ್ಲಿ ತಪ್ಪೇನಿಲ್ಲ ಎನ್ನುವ ವೈದ್ಯರಿದ್ದಾರೆ. ಅವರ ಮಾತಿನಲ್ಲಿ ಹುರುಳಿದೆ. ಹ್ಯೂಮನ್ ಇನ್ಸುಲಿನ್ ರಾಷ್ಟ್ರೀಯ ಅಗತ್ಯ ಔಷಧ ಪಟ್ಟಿಯಲ್ಲಿದೆ, ಬೆಲೆಗೆ ಕಡಿವಾಣ ಇದೆ. ಟೈಪ್ 2 ಮಧುಮೇಹದಲ್ಲಿ (ಹೆಚ್ಚಾಗಿ ದೊಡ್ಡವರಿಗೆ ಬರುವ, ಇನ್ಸುಲಿನ್ ಮೈಯಲ್ಲಿ ಸರಿಯಾಗಿ ಕೆಲಸ ಮಾಡದ ಬಗೆ) ದುಬಾರಿ ಅನಲಾಗ್‌ಗಳು ಸರಾಸರಿ ಸಕ್ಕರೆಯನ್ನು ಹೇಳಿಕೊಳ್ಳುವಷ್ಟು ಹೆಚ್ಚು ಇಳಿಸುವುದೂ ಇಲ್ಲ. ರಾತ್ರಿ ಹೊತ್ತು ಸಕ್ಕರೆ ಕುಸಿಯುವುದು ಕಮ್ಮಿಯಾಗುತ್ತದೆ ಎಂಬುದು ಅವುಗಳ ದೊಡ್ಡ ಲಾಭ.

ಕಣ್ಣು ಮಂಜಾದವರು, ಕೈ ನಡುಗುವವರು, ಒಬ್ಬರೇ ಇರುವವರು ಸಿರಿಂಜ್‌ನ ಗೀಟು ಹೇಗೆ ಓದಬೇಕು ಎಂಬುದು ಎದುರು ವಾದ. ಸಕ್ಕರೆ ಕಾಯಿಲೆಯೇ ಕಣ್ಣು ಕೆಡಿಸುವ ಕಾಯಿಲೆ ಎಂಬುದನ್ನು ನೆನೆದರೆ ಈ ವಾದ ಇನ್ನೂ ಗಟ್ಟಿ.

ಮೂರನೇ ತಕರಾರು ಅಧಿಕಾರದ್ದು. ವೈದ್ಯರು ಬರೆದುಕೊಟ್ಟ ಮಿತಿಯೊಳಗೆ ಎರಡು ಯೂನಿಟ್ ಏರಿಸುವ, ಇಳಿಸುವ ಅನುಮತಿ ನರ್ಸ್‌ಗೆ ಇರಬೇಕೇ? ಬ್ರಿಟನ್ನಿನಲ್ಲಿ ಮಧುಮೇಹಕ್ಕೆಂದೇ ಪರಿಣತ ನರ್ಸ್‌ಗಳಿದ್ದಾರೆ, ಅವರಿಗೆ ಇದು ದಿನದ ಕೆಲಸ. ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಅಂಥ ಪ್ರತ್ಯೇಕ ಶ್ರೇಣಿಯೇ ಇಲ್ಲ. ಹೊಣೆ ಯಾರದ್ದು ಎಂಬ ವೈದ್ಯರ ಅಂಜಿಕೆಯನ್ನು ತಳ್ಳಿಹಾಕಲಾಗದು. ಆದರೆ ಹಳ್ಳಿಯ ಅಜ್ಜಿಯೊಬ್ಬರು ಎರಡು ಯೂನಿಟ್ ಕೇಳಲು ಕಾರವಾರದವರೆಗೋ, ಮಣಿಪಾಲದವರೆಗೋ ಹೋಗಿ ಬರಬೇಕು ಎನ್ನುವುದು ಉತ್ತರವಲ್ಲ.

ನರ್ಸ್‌ಗಳ ಕಡೆಯಿಂದ ನೋಡಿದರೆ, ‘ಇದೂ ನಮ್ಮ ತಲೆಗೇ’ ಎಂಬ ಬೇಸರ ನ್ಯಾಯವಾದದ್ದೇ. ಆಯುಷ್ಮಾನ್ ಆರೋಗ್ಯ ಮಂದಿರದ ಸಿಎಚ್‌ಒಗಳಲ್ಲಿ (ಸಮುದಾಯ ಆರೋಗ್ಯ ಅಧಿಕಾರಿಗಳಲ್ಲಿ) ಹೆಚ್ಚಿನವರು ನರ್ಸಿಂಗ್ ಓದಿದವರು. 2024ರ ಅಕ್ಟೋಬರ್‌ನಲ್ಲಿ ಕೋಲಾರದಲ್ಲಿ ಶುರುವಾದ ಗೃಹ ಆರೋಗ್ಯ ಯೋಜನೆಯಿಂದ ಮನೆ ಮನೆ ತಪಾಸಣೆ ಸೇರಿಕೊಂಡಿತು. ಬಾಣಂತಿ, ಲಸಿಕೆ, ಆ್ಯಪ್‌ಗಳ ಡೇಟಾ ಎಲ್ಲ ಮೊದಲಿಂದಲೂ ಇದ್ದದ್ದೇ. ಎಷ್ಟು ಜನರ ಶುಗರ್ ಚೆಕ್ ಮಾಡಿದಿರಿ ಎಂಬುದಕ್ಕೆ ಕಾಲಂ ಇದೆ. ಎಷ್ಟು ಜನರಿಗೆ ಕೂರಿಸಿ ಸೂಜಿ ಕಲಿಸಿದಿರಿ ಎಂದು ಕೇಳುವವರಿಲ್ಲ. ಹೊತ್ತು ಸಾಲದಾಗ ಮೊದಲು ಬಿಟ್ಟುಹೋಗುವುದು ಈ ಕಲಿಸುವ ಕೆಲಸವೇ.

ವಾರದ ಇಂಜೆಕ್ಷನ್ ಇದಕ್ಕೆ ಬದಲಿಯಾ?

ಅಲ್ಲ. ಸೆಮಾಗ್ಲುಟೈಡ್ ಇನ್ಸುಲಿನ್ ಅಲ್ಲವೇ ಅಲ್ಲ. ಟೈಪ್ 1, ಅಂದರೆ ಮೈಯಲ್ಲಿ ಇನ್ಸುಲಿನ್ ಹುಟ್ಟುವುದೇ ಹೆಚ್ಚುಕಮ್ಮಿ ನಿಂತ ಬಗೆ ಇರುವವರು, ಮಕ್ಕಳೂ ಸೇರಿ, ಇನ್ಸುಲಿನ್ ಬಿಡುವ ಹಾಗೇ ಇಲ್ಲ, ಬಿಟ್ಟರೆ ಜೀವಕ್ಕೇ ಅಪಾಯ. ಟೈಪ್ 2ರಲ್ಲಿ ಹೃದಯ, ಕಿಡ್ನಿ ತೊಂದರೆ ಅಥವಾ ಬೊಜ್ಜು ಜೊತೆಗಿರುವವರಿಗೆ ಅದರಿಂದ ಲಾಭವಿದೆ. ವಿಶ್ವ ಆರೋಗ್ಯ ಸಂಸ್ಥೆ 2025ರಲ್ಲಿ ಅದನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿದ್ದು, ಟೈಪ್ 2 ಜೊತೆ ಹೃದಯ ಅಥವಾ ಕಿಡ್ನಿ ತೊಂದರೆಯೂ ಬೊಜ್ಜೂ ಇರುವವರಿಗಾಗಿ. ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳುವವರಿಗೆ ಊಟ ಕಮ್ಮಿಯಾಗುತ್ತದೆ, ಹಳೆಯ ಇನ್ಸುಲಿನ್ ಡೋಸ್ ಹಾಗೇ ಇದ್ದರೆ ಸಕ್ಕರೆ ಕುಸಿಯಬಹುದು. ಒಂದೇ ಫ್ರಿಜ್‌ನಲ್ಲಿ ದಿನದ ಪೆನ್ನೂ ವಾರದ ಪೆನ್ನೂ ಇದ್ದರೆ ಅದಲುಬದಲಾಗುವ ಭಯ ಬೇರೆ. ಅಂದರೆ ಇಲ್ಲೂ ಕಲಿಸುವವರು ಬೇಕು.

ಮುಂದೆ ಏನಾಗಬಹುದು?

ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಬೆಂಬಲದ ಇಂಡಿಯಾಬ್ ಅಧ್ಯಯನ 2023ರಲ್ಲಿ ಕೊಟ್ಟ ಲೆಕ್ಕದಂತೆ ದೇಶದಲ್ಲಿ ಮಧುಮೇಹಿಗಳು 10.1 ಕೋಟಿ. ರಾಜ್ಯಗಳಲ್ಲಿ ಮೊದಲ ಸ್ಥಾನ ನಮ್ಮ ಮಾಜಾಳಿ ಗಡಿ ದಾಟಿದರೆ ಸಿಗುವ ಗೋವಾದ್ದು, 26.4 ಶೇಕಡಾ. ಮನೆ ಮನೆ ತಪಾಸಣೆ ಹೆಚ್ಚಿದಂತೆ ನಮ್ಮ ಕಡೆಯೂ ಹೊಸ ರೋಗಿಗಳು ಸಿಗುತ್ತಾರೆ, ಇನ್ಸುಲಿನ್ ಬೇಕಾಗುವವರೂ ಹೆಚ್ಚುತ್ತಾರೆ. ಬಾಟಲಿಗೆ ಬದಲಾಗುವ ಮೊದಲ ಕೆಲವು ತಿಂಗಳು ಸಕ್ಕರೆ ಏರುಪೇರು, ಡೋಸ್ ತಪ್ಪು ಜಾಸ್ತಿಯಾಗುವ ಸಂಭವವಿದೆ. ಅದನ್ನು ‘ಬಾಟಲಿ ಇನ್ಸುಲಿನ್ ಸರಿಯಿಲ್ಲ’ ಎಂದು ಜನ ಓದಿಕೊಂಡರೆ, ಒಳ್ಳೆಯ ಅಗ್ಗದ ಔಷಧ ಬಿಟ್ಟು ಸಾಲ ಮಾಡಿ ದುಬಾರಿಯದಕ್ಕೆ ಹೋಗುತ್ತಾರೆ. ಕೆಲವರು ಇನ್ಸುಲಿನ್ನೇ ಬಿಟ್ಟು ನಾಟಿ ಔಷಧಕ್ಕೆ ತಿರುಗುತ್ತಾರೆ.

ಸಂಶೋಧನೆಯ ಕೆಲಸ ಇಲ್ಲಿಯೇ ಬಾಕಿ ಇದೆ. ನಮ್ಮ ನರ್ಸಿಂಗ್ ಕಾಲೇಜುಗಳ ಪ್ರಬಂಧಗಳಲ್ಲಿ ಒಂದು ಸಿದ್ಧ ಅಚ್ಚು ಇದೆ: ಒಂದು ಪ್ರಶ್ನೆಪತ್ರಿಕೆ, ಒಂದು ಪಾಠ, ಮತ್ತೆ ಅದೇ ಪ್ರಶ್ನೆಪತ್ರಿಕೆ. ಅಂಕ ಏರಿತು, ಪಾಠ ಫಲ ಕೊಟ್ಟಿತು ಎಂಬ ತೀರ್ಮಾನ. ಪಾಠ ಮಾಡಿದ ತಕ್ಷಣ ಕೇಳಿದರೆ ಅಂಕ ಏರದೆ ಇನ್ನೇನು? ಆ ವ್ಯಕ್ತಿ ಮೂರು ತಿಂಗಳ ಮೇಲೆ ಎಷ್ಟು ಯೂನಿಟ್ ಎಳೆಯುತ್ತಾರೆ, ಹೊಟ್ಟೆಯ ಗಂಟು ಕಮ್ಮಿಯಾಯಿತಾ, ತಿಂಗಳಲ್ಲಿ ಎಷ್ಟು ಸಲ ಸಕ್ಕರೆ ಕುಸಿಯಿತು ಎಂಬುದನ್ನು ಅದು ಹೇಳುವುದಿಲ್ಲ.

ಇದನ್ನು ಅಳೆಯಲು ದೊಡ್ಡ ಅನುದಾನ ಬೇಕಿಲ್ಲ. ಕುಮಟೆಯಲ್ಲೋ ಶಿರಸಿಯಲ್ಲೋ ಎನ್‌ಸಿಡಿ (ಸಕ್ಕರೆ, ಬಿಪಿಯಂಥ ಅಂಟದ ಕಾಯಿಲೆಗಳ) ಕ್ಲಿನಿಕ್ ದಿನ ಬಂದವರ ಕೈಗೆ ಒಂದು ಅಭ್ಯಾಸದ ಬಾಟಲಿ, ಎರಡೂ ಬಣ್ಣದ ಮುಚ್ಚಳದ ಸಿರಿಂಜ್ ಕೊಟ್ಟು, “ನಿಮ್ಮ ಬೆಳಗಿನ ಡೋಸ್ ತೆಗೆದು ತೋರಿಸಿ” ಎಂದರೆ ಸಾಕು. ಯಾವ ಸಿರಿಂಜ್ ಎತ್ತಿಕೊಂಡರು, ಯಾವ ಗೀಟಿಗೆ ನಿಲ್ಲಿಸಿದರು ಎಂದು ಬರೆದುಕೊಂಡು, ಕಲಿಸಿ, ಮೂರು ತಿಂಗಳ ಮೇಲೆ ಅವರನ್ನೇ ಮತ್ತೆ ನೋಡುವುದು. ಪಕ್ಕದ ತಾಲೂಕಿನಲ್ಲಿ ಬರೀ ಕರಪತ್ರ ಕೊಟ್ಟು ಹೋಲಿಸುವುದು. ಪೂರ್ತಿ ಬದಲಾಗುವ ಮೊದಲೇ ಇದು ಶುರುವಾಗಬೇಕು. ಎಲ್ಲರೂ ಬಾಟಲಿಗೆ ಬಂದಾದ ಮೇಲೆ ಹೋಲಿಸಲು ಪೆನ್ ಬಳಸುವವರೇ ಉಳಿದಿರುವುದಿಲ್ಲ.